ಕಾಯಿಲೆಯ ಕೋಣೆ, ಪ್ರಣಯದ ಕಿಟಕಿ

ಧಾರಾವಾಹಿ ಕಾದಂಬರಿಗಳನ್ನು ವಾರ ತಪ್ಪದೆ ಓದುವ ನಮ್ಮ ವಾಚಕರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ನಾಯಕಿಗೆ ಜ್ವರ ಬಂದಿತೆಂದರೆ ಕಥೆಗೆ ಜೀವ ಬಂದಿತೆಂದೇ ಅರ್ಥ. ಅದುವರೆಗೆ ಕಾಲೇಜಿನ ಮೆಟ್ಟಿಲ ಮೇಲೆ, ಬಸ್ ನಿಲ್ದಾಣದ ಮರೆಯಲ್ಲಿ ಕದ್ದು ನೋಡುತ್ತಿದ್ದ ನಾಯಕ ಈಗ ಕಿತ್ತಳೆಹಣ್ಣಿನ ಪೊಟ್ಟಣ ಹಿಡಿದು ನೇರವಾಗಿ ಮನೆಯ ಬಾಗಿಲಿಗೇ ಬರುತ್ತಾನೆ. ಮೊನ್ನೆಯವರೆಗೆ ಸಿಡುಕುತ್ತಿದ್ದ ತಂದೆ ಮೆತ್ತಗಾಗುತ್ತಾರೆ. ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, "ಕೂತುಕೊಳ್ಳಪ್ಪ, ಕಾಫಿ ತರುತ್ತೇನೆ" ಎನ್ನುತ್ತಾರೆ. ಮುಂದಿನ ವಾರ ನಾಯಕಿ ಬದುಕುವಳೋ ಇಲ್ಲವೋ ಎಂಬ ಕಾತರದಲ್ಲಿ ಮನೆಮಂದಿಯೆಲ್ಲ ಸಂಚಿಕೆಗಾಗಿ ಕಾಯುತ್ತಾರೆ.

ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ಹದಿನಾರು ಹದಿನೇಳರ ಹರೆಯದಲ್ಲಿ ಕಾಯಿಲೆ ಬಿದ್ದು ಕೋಣೆ ಸೇರಿದ ಹುಡುಗ ಹುಡುಗಿಯರ ಪಾಲಿಗೆ ಈ ಕಥೆ ಹಾಸ್ಯದ ವಸ್ತುವಲ್ಲ. ಜೊತೆಯವರು ಪರೀಕ್ಷೆ ಬರೆಯುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಒಬ್ಬರನ್ನೊಬ್ಬರು ಮೆಚ್ಚುತ್ತಾರೆ, ಮುನಿಸಿಕೊಳ್ಳುತ್ತಾರೆ. ಹಾಸಿಗೆಯಲ್ಲಿರುವವರಿಗೆ ಉಳಿಯುವುದು ಒಂದು ಕಿಟಕಿ. ಆ ಕಿಟಕಿಯ ಮುಂದೆ ಯಾರಾದರೂ ನಿಲ್ಲುವರೇ, ನಿಂತವರು ನಾಳೆಯೂ ಬರುವರೇ ಎಂಬುದು ಅವರಿಗೆ ಔಷಧದಷ್ಟೇ ದೊಡ್ಡ ಪ್ರಶ್ನೆ.

ಪರದೇಶದ ತರುಣರು ಬಹಳವಾಗಿ ಮೆಚ್ಚಿದ ಒಂದು ಕಾದಂಬರಿ ಇದೇ ಕಿಟಕಿಯ ಕಥೆ. 2015ರಲ್ಲಿ ನಿಕೋಲಾ ಯೂನ್ ಎಂಬ ಲೇಖಕಿ ಬರೆದ ಅದರ ಹೆಸರು 'ಎವ್ರಿಥಿಂಗ್, ಎವ್ರಿಥಿಂಗ್'. 2017ರಲ್ಲಿ ಅದು ಚಲನಚಿತ್ರವೂ ಆಯಿತು. ಹದಿನೆಂಟರ ಹುಡುಗಿಯೊಬ್ಬಳು ಹುಟ್ಟಿನಿಂದಲೇ ರೋಗನಿರೋಧಶಕ್ತಿ ಇಲ್ಲದವಳೆಂದು ಮನೆಯ ಹೊಸ್ತಿಲು ದಾಟದೆ ಬೆಳೆದಿದ್ದಾಳೆ. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗನೊಡನೆ ಕಿಟಕಿಯಿಂದ ಕಿಟಕಿಗೆ ಸ್ನೇಹ ಬೆಳೆಯುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ಆ ಹುಡುಗಿಗೆ ಅಂಥ ಕಾಯಿಲೆಯೇ ಇಲ್ಲ! ಗಂಡನನ್ನೂ ಮಗನನ್ನೂ ಅಪಘಾತದಲ್ಲಿ ಕಳೆದುಕೊಂಡ ತಾಯಿ, ಸ್ವತಃ ವೈದ್ಯೆಯಾದ ಆಕೆ, ಉಳಿದೊಬ್ಬ ಮಗಳನ್ನಾದರೂ ಕಳೆದುಕೊಳ್ಳಬಾರದೆಂಬ ಭಯದಿಂದ ಕಟ್ಟಿದ ಗೋಡೆ ಅದು.

ಅಂಥ ಕಾಯಿಲೆಯೇ ಸುಳ್ಳೆಂದಲ್ಲ. 1971ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದ ಡೇವಿಡ್ ವೆಟರ್ ಎಂಬ ಬಾಲಕ ಅದೇ ಕಾಯಿಲೆಯಿಂದ ಪ್ಲಾಸ್ಟಿಕ್ ಗುಳ್ಳೆಯೊಳಗೇ ಬೆಳೆದು, ಹನ್ನೆರಡು ತುಂಬಿದ ಮೇಲೆ, 1984ರಲ್ಲಿ ತೀರಿಕೊಂಡ. ಅವನ ಗೋಡೆಯನ್ನು ಕಟ್ಟಿದ್ದು ಕಾಯಿಲೆ. ಕಾದಂಬರಿಯ ಹುಡುಗಿಯ ಗೋಡೆಯನ್ನು ಕಟ್ಟಿದ್ದು ಮನುಷ್ಯರು. ಈ ಎರಡು ಬಗೆಯ ಗೋಡೆಗಳ ವ್ಯತ್ಯಾಸವನ್ನು ತಿಳಿಯುವುದೇ ಇಂದಿನ ನಮ್ಮ ವಿಷಯ. ಆ ಕಾದಂಬರಿ ಒಂದು ಕಷ್ಟವಾದ ಪ್ರಶ್ನೆಯಿಂದ ಮೆಲ್ಲನೆ ನುಣುಚಿಕೊಂಡಿತೆಂದೂ ಹೇಳಬೇಕು. ಕಾಯಿಲೆ ಸುಳ್ಳಾದದ್ದರಿಂದ ಪ್ರಣಯ ಗೆದ್ದಿತು, ಸರಿ. ಕಾಯಿಲೆ ನಿಜವಾಗಿಯೂ ಇದ್ದಿದ್ದರೆ?

ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಗೆ ಬಂದರೆ ಸಾಕು. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಶೃಂಗೇರಿಯಲ್ಲಿ ತುಂಗೆ ಹರಿಯುತ್ತಾಳೆ. ನರಸಿಂಹರಾಜಪುರದ ಮಗ್ಗುಲಲ್ಲಿ ಭದ್ರಾ ಜಲಾಶಯದ ಹಿನ್ನೀರು ಹರಡಿದೆ. ಊರೆಂದರೆ ಇಲ್ಲಿ ಬೀದಿಯಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆರೋಗ್ಯವಂತರೂ ಒಂಟಿಗಳೇ. ಕೊರೋನಾ ಕಾಲದಲ್ಲಿ ಪಾಠ ಕೇಳಲು ಮಲೆನಾಡಿನ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿದ್ದನ್ನು ನಾವೆಲ್ಲ ಓದಿದ್ದೇವೆ. ಇಂಥ ಕಡೆ ಕಾಯಿಲೆ ಬಿದ್ದ ಹರೆಯದವರ ಏಕಾಂತ ಎಷ್ಟು ದಟ್ಟವಾಗಿರಬಹುದು!

ಒಂದು ಕಥೆಯನ್ನು ಕಲ್ಪಿಸಿಕೊಳ್ಳೋಣ. ಪಿ.ಯು.ಸಿ. ಓದುತ್ತಿರುವ ಹದಿನೇಳರ ಹುಡುಗಿ. ಕೊಪ್ಪದ ಹತ್ತಿರ ಮನೆ. ಬಾಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುವ ಸಹಪಾಠಿಯೊಬ್ಬನಿಗೆ ಅವಳ ಮೇಲೆ ಮಮತೆ. ಅವಳಿಗೂ ಅವನ ಮೇಲೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಫೆಬ್ರವರಿ ತಿಂಗಳು. ಕೊಟ್ಟಿಗೆಗೆ ದರಗು ತರಲು ಅಮ್ಮನ ಜೊತೆ ಕಾಡಿಗೆ ಹೋಗಿ ಬಂದ ಹುಡುಗಿಗೆ ನಾಲ್ಕಾರು ದಿನಗಳಲ್ಲಿ ಇದ್ದಕ್ಕಿದ್ದಂತೆ ಬೆಂಕಿಯಂಥ ಜ್ವರ, ತಲೆ ಸಿಡಿತ, ಮೈಕೈ ಮುರಿಯುವ ನೋವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಹೇಳುತ್ತಾರೆ: ಮಂಗನ ಕಾಯಿಲೆ.

ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಕ್ಯಾಸನೂರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಇತ್ತೀಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳೂ ಈ ಜ್ವರವನ್ನು ಕಂಡಿವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಹಲವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ನಡುವೆ ಬಿಡುವು ಕೊಟ್ಟು ಜ್ವರ ಮರಳಿ ಬಂದು ನಡುಕ, ಮಂಕು ಕವಿಯುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಚೇತರಿಸಿಕೊಂಡವರಿಗೂ ನಿಶ್ಶಕ್ತಿ ವಾರಗಟ್ಟಲೆ ಬಿಡದು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು.

ನಮ್ಮ ಕಥೆಗೆ ಮುಖ್ಯವಾದ ಸಂಗತಿ ಬೇರೆಯದು. ಈ ಜ್ವರ ಬರುವುದು ಸೋಂಕುಳ್ಳ ಉಣುಗು ಕಚ್ಚುವುದರಿಂದ, ಸತ್ತ ಅಥವಾ ಕಾಯಿಲೆಯ ಮಂಗವನ್ನು ಮುಟ್ಟುವುದರಿಂದ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ಹಾಗಾದರೆ ಆ ಬಾಳೆಹೊನ್ನೂರಿನ ಹುಡುಗ ಟಿಪ್ಪಣಿ ಪುಸ್ತಕ ಹಿಡಿದುಕೊಂಡು ಬಂದು, ಹುಡುಗಿಯ ಮನೆಯ ಜಗಲಿಯ ಮೇಲೆ ಧಾರಾಳವಾಗಿ ಕೂರಬಹುದು. ಅವನಿಗೆ ಅಪಾಯವಿರುವುದು ಅವಳ ಉಸಿರಿನಿಂದಲ್ಲ. ದಾರಿ ಹತ್ತಿರವೆಂದು ಕಾಡು ಹಾದು ಬಂದರೆ, ದರಗಿನಲ್ಲಿ ಕುಳಿತ ಉಣುಗಿನಿಂದ. ಆದರೂ ಅವಳು ಕೋಣೆಯಲ್ಲಿ ಒಂಟಿ. ಲೋಟ ಬೇರೆ, ತಟ್ಟೆ ಬೇರೆ. ನೆರೆಯವರು ಬಾಗಿಲಲ್ಲೇ ವಿಚಾರಿಸಿ ಹೋಗುತ್ತಾರೆ. ಇಲ್ಲಿ ಗೋಡೆ ಕಟ್ಟಿದವರು ಯಾರು? ವೈರಸ್ಸಂತೂ ಅಲ್ಲ.

ಇನ್ನು ಎರಡನೆಯ ಕಾಯಿಲೆ, ಪ್ರಣಯಕಥೆಗಳಿಗೆ ಬಹುಕಾಲದಿಂದ ಪ್ರಿಯವಾದ ಕ್ಷಯ. ಆಂಗ್ಲ ಕವಿ ಕೀಟ್ಸ್ 1821ರಲ್ಲಿ ರೋಮಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಇಪ್ಪತ್ತೈದು ವರ್ಷ. ಅದಕ್ಕೆ ಹಿಂದಿನ ವರ್ಷ ರಕ್ತ ಕಾರಿ ಹಾಸಿಗೆ ಹಿಡಿದಾಗ, ಅವನ ಪ್ರೇಯಸಿ ಫ್ಯಾನಿ ಬ್ರಾನ್ ಅದೇ ಕಟ್ಟಡದ ಇನ್ನರ್ಧ ಭಾಗದಲ್ಲಿ ವಾಸವಾಗಿದ್ದಳು. ಗೋಡೆಯ ಆಚೆಗಿದ್ದ ಹುಡುಗಿಗೆ ಅವನು ಚೀಟಿ ಬರೆದು ಕಳುಹಿಸುತ್ತಿದ್ದ. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಅದರ ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದೇ 1882ರಲ್ಲಿ.

ನಮ್ಮ ಸಂಸ್ಥಾನದಲ್ಲಿಯೂ ಈ ಕಾಯಿಲೆ ಅರಮನೆಯನ್ನು ಬಿಡಲಿಲ್ಲ. ಕ್ಷಯದಿಂದ ತೀರಿಕೊಂಡ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1921ರಲ್ಲಿ, ಮೈಸೂರಿನ ಕ್ಷಯ ಆರೋಗ್ಯಧಾಮ ಆರಂಭವಾಯಿತು. ಆ ಕಾಲದ ಚಿಕಿತ್ಸೆಯೆಂದರೆ ಮನೆಯಿಂದ ದೂರ, ಒಳ್ಳೆಯ ಗಾಳಿ, ಪುಷ್ಟಿಯಾದ ಊಟ, ವಿಶ್ರಾಂತಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಗಲಿಕೆ.

ಆ ಅಗಲಿಕೆ ಎಷ್ಟು ಅಗತ್ಯ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಮದರಾಸಿನಲ್ಲಿ. 1956ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ ಸುಮಾರು 200 ಮಂದಿ ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಆರೋಗ್ಯಧಾಮಕ್ಕೆ ಕಳುಹಿಸಿ, ಉಳಿದರ್ಧ ಜನರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಔಷಧ ಕೊಟ್ಟರು. ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಔಷಧ ತೆಗೆದುಕೊಂಡವರು ಆರೋಗ್ಯಧಾಮದವರಿಗೆ ಸರಿಸಮವೆನ್ನುವಂತೆ ಗುಣವಾಗಿದ್ದರು. ಅವರ ಮನೆಯವರಿಗೆ ಅದರಿಂದ ಹೆಚ್ಚಾಗಿ ಕಾಯಿಲೆ ಅಂಟಿದ್ದೂ ಕಾಣಲಿಲ್ಲ. ಪ್ರಪಂಚದ ಆರೋಗ್ಯಧಾಮಗಳ ಬಾಗಿಲುಗಳನ್ನು ತೆರೆಸಿದ ಸಂಶೋಧನೆಗಳಲ್ಲಿ ಇದು ಮುಖ್ಯವಾದದ್ದು.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧ ಸರಿಯಾಗಿ ಹಿಡಿದರೆ ಕೆಲವೇ ವಾರಗಳಲ್ಲಿ ರೋಗಿಯಿಂದ ಇತರರಿಗೆ ಅಂಟುವ ಭಯ ಇಳಿಯುತ್ತದೆ; ಯಾವಾಗ ಎಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳುತ್ತಾರೆ. ಕುತ್ತಿಗೆಯ ಗಂಟಿನ ಕ್ಷಯವಂತೂ ಸಾಮಾನ್ಯವಾಗಿ ಯಾರಿಗೂ ಅಂಟುವುದಿಲ್ಲ. ಆದ್ದರಿಂದ ಇಲ್ಲಿ ಒಂದು ಗೋಡೆ ಬೇಕು ನಿಜ. ಆದರೆ ಅದಕ್ಕೊಂದು ಕೊನೆಯ ದಿನವಿದೆ. ದುಃಖದ ಮಾತೆಂದರೆ, ಔಷಧ ಮುಗಿದ ಮೇಲೂ ಗೋಡೆ ನಿಲ್ಲುತ್ತದೆ. "ಆ ಹುಡುಗಿಗೆ ಏನೋ ಇತ್ತಂತೆ" ಎಂಬ ಒಂದು ಪಿಸುಮಾತು ಹೆಣ್ಣು ನೋಡುವ ಶಾಸ್ತ್ರದ ಹೊತ್ತಿಗೆ ಹತ್ತು ಹಳ್ಳಿ ದಾಟಿರುತ್ತದೆ. ಹೆದರಿದ ತಾಯ್ತಂದೆಯರು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಎಂದೋ ಹೊರಬಿದ್ದಾಗ ಕಾಯಿಲೆಗಿಂತ ಸುಳ್ಳೇ ಸಂಸಾರವನ್ನು ಹೆಚ್ಚಾಗಿ ನೋಯಿಸುತ್ತದೆ.

ಮೂರನೆಯ ಕಾಯಿಲೆಯೇ ನಾವು ಮೊದಲು ಎತ್ತಿದ ಪ್ರಶ್ನೆಗೆ ನಿಜವಾದ ಒರೆಗಲ್ಲು. ಸಾಗರದ ಹತ್ತಿರ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೆಲವು ಬಡ ಕುಟುಂಬಗಳ ಜನರು ಸೊಂಟ, ಮಂಡಿಗಳ ನೋವಿನಿಂದ ನಡೆಯಲಾರದೆ ಹೋಗುತ್ತಿದ್ದುದು ಹೊರಗಿನವರ ಕಣ್ಣಿಗೆ ಬಿತ್ತು. ಬಾಲ್ಯದಲ್ಲೋ ಹರೆಯದಲ್ಲೋ ಕೀಲುಗಳು ಸವೆಯತೊಡಗುತ್ತವೆ. ಕೆಲವರ ಬೆಳವಣಿಗೆಯೇ ಕುಂಠಿತವಾಗುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಾತ್ರವಲ್ಲ, ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಇದು ಕಂಡುಬಂದಿದೆ. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ, ಮೀನು ತಿಂದದ್ದರಿಂದ ಬಂದಿರಬಹುದೆಂದು ಮೊದಲು ಶಂಕಿಸಿದರು. ಮುಂದೆ ವಂಶಾವಳಿಗಳನ್ನೂ ಎಕ್ಸ್-ರೇಗಳನ್ನೂ ಹಿಡಿದು ಶೋಧಿಸಿದಾಗ ಇದು ವಂಶವಾಹಿಗಳಿಂದ ಬರುವ ಎಲುಬಿನ ಕಾಯಿಲೆ ಎಂಬುದು ಸ್ಪಷ್ಟವಾಯಿತು. ತಾಯ್ತಂದೆಯರಲ್ಲಿ ಒಬ್ಬರಿಗೆ ಇದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡಕ್ಕೆ ಒಂದು. ಪೂರ್ತಿ ಗುಣಪಡಿಸುವ ಔಷಧವಿಲ್ಲ. ನೋವು ಕಡಿಮೆ ಮಾಡುವ ಉಪಾಯಗಳುಂಟು.

ಇದು ಅಂಟುವ ಕಾಯಿಲೆಯೇ ಅಲ್ಲ. ಪಕ್ಕದಲ್ಲಿ ಕುಳಿತರೆ ಬಾರದು, ಒಂದೇ ತಟ್ಟೆಯಲ್ಲಿ ಉಂಡರೆ ಬಾರದು. ಆದ್ದರಿಂದ ಬೇಕಾದ ಗೋಡೆ ಒಂದು ಗೇಣಿನಷ್ಟೂ ಇಲ್ಲ. ಆದರೆ ಮೂರು ಕಾಯಿಲೆಗಳಲ್ಲಿ ಅತ್ಯಂತ ಎತ್ತರದ ಗೋಡೆ ಇದರ ಸುತ್ತಲೇ ಎದ್ದಿದೆ. ಕೋಲೂರಿ ನಡೆಯುವ ಹದಿನೇಳರ ಹುಡುಗನಿಗೆ, ಗಿಡ್ಡವಾಗಿಯೇ ಉಳಿದ ಹುಡುಗಿಗೆ ಪ್ರೀತಿಯ ಆಸೆಯೇ ಇರುವುದಿಲ್ಲವೆಂಬಂತೆ ನಾವು ಅವರ ಮುಂದೆ ಮಾತನಾಡುತ್ತೇವೆ. ಅವರ ಮದುವೆಯ ಮಾತು ಬಂದರೆ ಮನೆಯವರು ನೆಲ ನೋಡುತ್ತಾರೆ. ಧಾರಾವಾಹಿಗಳ ನಾಯಕಿಗೆ ಜ್ವರ ಬರಬಹುದು, ಕೆಮ್ಮು ಬರಬಹುದು. ಆದರೆ ಅವಳು ಕುಂಟಿದರೆ ಅಥವಾ ಗಿಡ್ಡಗಿದ್ದರೆ ಲೇಖಕರೂ ಅವಳನ್ನು ನಾಯಕಿಯ ಸ್ಥಾನದಿಂದ ಕೆಳಗಿಳಿಸಿ ನಾಯಕಿಯ ಗೆಳತಿಯನ್ನಾಗಿ ಮಾಡಿಬಿಡುತ್ತಾರೆ.

"ವಂಶದಲ್ಲಿ ಬರುವ ಕಾಯಿಲೆಯಲ್ಲವೆ? ಮಕ್ಕಳ ಗತಿ ಏನು?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಆದರೆ ಈ ಪ್ರಶ್ನೆಯನ್ನು ಅವರ ಬೆನ್ನ ಹಿಂದೆ ನಾವು ನಾವೇ ಕೇಳಿಕೊಂಡು, ಉತ್ತರವನ್ನೂ ನಾವೇ ಕೊಟ್ಟುಕೊಳ್ಳುತ್ತೇವೆ. ಅದು ಕೇಳಬೇಕಾದದ್ದು ಆ ಇಬ್ಬರು ತರುಣರ ಎದುರಿಗೆ, ತಿಳಿದ ವೈದ್ಯರ ಸಮ್ಮುಖದಲ್ಲಿ. ಎರಡಕ್ಕೆ ಒಂದು ಎಂಬ ಲೆಕ್ಕವನ್ನು ಅವರಿಗೆ ಬಿಡಿಸಿ ಹೇಳಬೇಕು. ಮಕ್ಕಳು ಬೇಕೆ ಬೇಡವೆ ಎಂಬುದು ಅದನ್ನು ತಿಳಿದ ಮೇಲೆ ಅವರು ಮಾಡುವ ತೀರ್ಮಾನ. ಮಕ್ಕಳಿಲ್ಲದ ದಾಂಪತ್ಯವೂ ದಾಂಪತ್ಯವೇ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕೂಡ ಸಂತಾನದ ವಿಷಯದಲ್ಲಿ ಅವರಿಗೆ ತಕ್ಕ ತಿಳಿವಳಿಕೆ ದೊರೆಯುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ವಿಧಿಸಿದೆ. ತಿಳಿವಳಿಕೆ ಕೊಡುವುದು ಒಂದು, ಆಸೆಯನ್ನೇ ಕಸಿದುಕೊಳ್ಳುವುದು ಇನ್ನೊಂದು.

ಹಾಗೆಂದು ಪ್ರಣಯವೇ ಔಷಧವೆಂದು ನಾವು ಹೇಳುತ್ತಿಲ್ಲ. ಪ್ರೀತಿಯಿಂದ ಉಣುಗು ಸಾಯುವುದಿಲ್ಲ, ಕ್ಷಯದ ರೋಗಾಣು ಕರಗುವುದಿಲ್ಲ, ಸವೆದ ಕೀಲು ಕೂಡುವುದಿಲ್ಲ. ಕರುಣೆಯನ್ನೇ ಪ್ರೀತಿಯೆಂದು ಭ್ರಮಿಸಿ ನಾಲ್ಕು ದಿನ ಬಂದು ಐದನೆಯ ದಿನ ಮಾಯವಾಗುವ ನಾಯಕರಿಂದ ರೋಗಿಗೆ ಆಗುವ ಹಾನಿಯೂ ಸಣ್ಣದಲ್ಲ. ಹದಿನೇಳರ ಮಮತೆ ಮದುವೆಗೇ ಮುಟ್ಟಬೇಕೆಂದೂ ಇಲ್ಲ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬುವವರೆಗೆ ಕಾನೂನೂ ಆ ಮಾತನ್ನು ಒಪ್ಪುವುದಿಲ್ಲ. ಆ ವಯಸ್ಸಿನ ಹುಡುಗಿಗೆ ಬೇಕಾದದ್ದು ತಾಳಿಯ ಆಶ್ವಾಸನೆಯಲ್ಲ. ತನ್ನನ್ನು ಕಾಯಿಲೆಯ ಹೆಸರಿನಿಂದಲ್ಲದೆ ತನ್ನ ಹೆಸರಿನಿಂದ ಕರೆಯುವವರು, ಕಾಲೇಜಿನಲ್ಲಿ ಏನು ನಡೆಯಿತೆಂದು ಹೇಳುವವರು, ತಾನು ಹೇಳಿದ್ದಕ್ಕೆ ನಗುವವರು ಆಕೆಗೆ ಬೇಕು.

ಆದ್ದರಿಂದ ಮನೆಯಲ್ಲಿ ಮಕ್ಕಳು ಕಾಯಿಲೆ ಬಿದ್ದಾಗ ತಾಯ್ತಂದೆಯರು ವೈದ್ಯರನ್ನು ಮೂರು ಪ್ರಶ್ನೆ ಕೇಳಿ ಬರಬೇಕು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುತ್ತದೆಯೆ? ಅಂಟುವುದಾದರೆ ಹೇಗೆ? ಎಂದಿನವರೆಗೆ? ಈ ಮೂರರ ಉತ್ತರವನ್ನು ನೆರೆಯವರಿಗಿಂತ ಮೊದಲು ಕಾಯಿಲೆ ಬಿದ್ದ ಮಗುವಿಗೇ ಹೇಳಬೇಕು. ನಮ್ಮ ಹಿರಿಯರು ಸೂತಕಕ್ಕೂ ಹತ್ತು ದಿನವೆಂದು ಲೆಕ್ಕವಿಟ್ಟರು. ಬಾಣಂತಿಯ ಕೋಣೆಗೂ ಬಾಗಿಲು ತೆರೆಯುವ ದಿನವನ್ನು ಗೊತ್ತುಮಾಡಿದರು. 2020ರ ಕೊರೋನಾ ಬಂದಾಗ ಹದಿನಾಲ್ಕು ದಿನ ಎಂಬ ಒಂದು ಸಂಖ್ಯೆಯನ್ನು ಹಿಡಿದುಕೊಂಡೇ ನಾವು ಒಂಟಿತನವನ್ನು ನುಂಗಿಕೊಂಡೆವು. ಕೊನೆಯ ದಿನ ಗೊತ್ತಿರುವ ಅಗಲಿಕೆಯನ್ನು ಹರೆಯದ ಜೀವ ತಾಳಿಕೊಳ್ಳುತ್ತದೆ. ದಿನವೇ ಇಲ್ಲದ ಅಗಲಿಕೆ ಶಿಕ್ಷೆಯಾಗುತ್ತದೆ.

ಹರೆಯದ ಪ್ರಣಯಕಥೆಗಳನ್ನು ಬರೆಯುವ ನಮ್ಮ ಲೇಖಕ ಲೇಖಕಿಯರಲ್ಲಿಯೂ ಒಂದು ಕೋರಿಕೆ. ಕಥೆ ಕಟ್ಟಲು ನಿಮಗೆ ಗೋಡೆ ಬೇಕು, ನಾವು ಬಲ್ಲೆವು. ಗೋಡೆಯಿಲ್ಲದೆ ವಿರಹವಿಲ್ಲ, ವಿರಹವಿಲ್ಲದೆ ಮುಂದಿನ ಸಂಚಿಕೆಯಿಲ್ಲ. ಆದರೆ ಆ ಗೋಡೆಯಲ್ಲಿ ರೋಗಾಣು ಇಟ್ಟ ಕಲ್ಲೆಷ್ಟು, ನಾವು ಇಟ್ಟ ಕಲ್ಲೆಷ್ಟು ಎಂಬುದನ್ನು ನಿಮ್ಮ ನಾಯಕ ಎಣಿಸಿ ನೋಡಲಿ. ಮೊದಲನೆಯವು ಬೀಳುವವರೆಗೆ ಅವನು ತಾಳ್ಮೆಯಿಂದ ಕಾಯಲಿ. ಎರಡನೆಯವನ್ನು ಅವನೂ ಅವಳೂ ಸೇರಿ ಒಂದೊಂದಾಗಿ ಕೀಳಲಿ. ಕಾಯಿಲೆ ಗುಣವಾಗದೆ ಉಳಿದ ನಾಯಕಿಗೂ ಒಮ್ಮೆಯಾದರೂ ಕೊನೆಯ ಅಧ್ಯಾಯದಲ್ಲಿ ಸಾವಲ್ಲದ, ಪವಾಡವೂ ಅಲ್ಲದ ಒಂದು ಸಾಧಾರಣ ಸಂಸಾರ ದೊರೆಯಲಿ. ಅಂಥ ಕಥೆಯನ್ನು ಕೊಪ್ಪದಲ್ಲೋ ಶೃಂಗೇರಿಯಲ್ಲೋ ಕೋಲೂರಿ ನಡೆಯುವ ಒಬ್ಬ ಹುಡುಗಿ ಓದಿದರೆ, ಮುಂದಿನ ವಾರದ ಸಂಚಿಕೆಗೆ ಅವಳು ಕಾಯುವ ರೀತಿಯೇ ಬೇರೆಯಾಗುತ್ತದೆ.